ಟಗರಿನ ಹೊಟ್ಟೆಯಲ್ಲಿ ಅಜ್ಜ

"ಎಪ್ಪಾ, ನೀ ಟಗರಿನ ಹೊಟ್ಟ್ಯಾಗ ಅದೀ!"

ದುಂಡೇಶ ಕಾಕಾ ಮೊಬೈಲ್ ಹಿಡಿದುಕೊಂಡು ಕಟ್ಟೆಯ ಮೇಲೆ ಬಿದ್ದು ಬಿದ್ದು ನಗುತ್ತಿದ್ದ. ಕಾಮಣ್ಣ ಅಜ್ಜ ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನೇ ಮರೆತ.

"ಏನಂದಿ? ಇನ್ನೊಮ್ಮೆ ಅನ್ನು."

"ನಾ ಅಂದಿಲ್ಲಪಾ, ನಿನ್ನ ಮೊಮ್ಮಗಳು ಭಾಗ್ಯಾ ಬರದಾಳ. ಆಕಿ ಇ-ಬುಕ್ಕಿನ ಪರಿವಿಡಿ ನೋಡಿಲ್ಲೆ. ಮ್ಯಾಲ ದಪ್ಪ ಅಕ್ಷರದಾಗ 'ಪೈಲ್ವಾನ'. ಅವನ ಕೆಳಗ, ಸ್ವಲ್ಪ ಒಳಗ ಸರದು, 'ಕಾಮಣ್ಣ ಅಜ್ಜ'."

ಪೈಲ್ವಾನ ಅಂದರೆ ಅವರ ಮನೆಯ ಟಗರು. ತನ್ನ ಹೆಸರು ಕೇಳಿದ್ದೇ ತಡ, ಅದು ಕುರಿದೊಡ್ಡಿಯಿಂದಲೇ "ಬ್ಯಾ" ಎಂದಿತು.

ಭಾಗ್ಯಾ ಬಾಗಿಲ ಹಿಂದೆ ನಿಂತು ಉಗುರು ಕಡಿಯುತ್ತಿದ್ದಳು. ವಿಜಯಾ ಟೀಚರ್ ಐದನೇ ಕ್ಲಾಸಿನ ಮಕ್ಕಳಿಗೆಲ್ಲ 'ನಮ್ಮ ಮನೆ' ಅಂತ ಒಂದೊಂದು ಇ-ಬುಕ್ ಮಾಡಲು ಹೇಳಿದ್ದರು. ಶನಿವಾರ ಶಾಲೆಯ ದೊಡ್ಡ ಟಚ್‌ಸ್ಕ್ರೀನ್ ಟಿವಿಯಲ್ಲಿ ಅವನ್ನು ಮನೆಯವರಿಗೆಲ್ಲ ತೋರಿಸುವುದಿತ್ತು. ಅಜ್ಜ ಹುಟ್ಟಿದಾಗಿನಿಂದ ಗಲಗಲಿ ಊರಲ್ಲೇ ಇದ್ದರೂ ಒಂದು ದಿನವೂ ಶಾಲೆಯ ಹೊಸ್ತಿಲು ತುಳಿದವನಲ್ಲ. "ಬುಕ್ಕಿನಾಗ ನನ್ನ ಹೆಸರು ಬಂದ್ರ ಬರ್ತೇನಿ ನೋಡವಾ" ಎಂದು ಮೊಮ್ಮಗಳಿಗೆ ಮಾತು ಕೊಟ್ಟಿದ್ದ. ಅದಕ್ಕಾಗಿ ತಲೆಗೆ ಸುತ್ತಲು ಹೊಸ ಪಟಕಾ ಕೂಡ ತೆಗೆದಿಟ್ಟಿದ್ದ.

"ಭಾಗ್ಯಾ! ಬಾ ಇಲ್ಲೆ," ಅಜ್ಜ ಕೂಗಿದ.

ಭಾಗ್ಯಾ ಮೆಲ್ಲಗೆ ಬಂದಳು. "ಅಜ್ಜಾ, ಅಮಾಸಿ ದಿನ ಬೀರಪ್ಪ ದೇವರ ಅರಿಷಿಣದ ಭಂಡಾರ ಮೊದಲ ಯಾರ ಹಣಿಗೆ ಹಚ್ಚತಿ? ಪೈಲ್ವಾನಗ ಹೌದಲ್ಲೋ? ಆಮ್ಯಾಲೆ ನೀ ಹಚ್ಕೊಂತಿ, ಆಮ್ಯಾಲೆ ಕಾಕಾಗ ಹಚ್ಚತಿ. ನಾನೂ ಹಂಗ ಮಾಡೇನಿ. ಪೈಲ್ವಾನಗ ಹೆಡಿಂಗ್ ಒನ್, ನಿನಗ ಹೆಡಿಂಗ್ ಟೂ, ಕಾಕಾಗ ಹೆಡಿಂಗ್ ತ್ರೀ."

ಕಾಕಾನ ನಗು ಗಕ್ಕನೆ ನಿಂತಿತು. "ಅಂದ್ರ ನಾನೂ ಟಗರಿನ ಒಳಗ ಅದೇನೇನು?"

"ಇಲ್ಲ. ನೀ ಅಜ್ಜನ ಒಳಗ ಅದೀ. ಅಜ್ಜ ಟಗರಿನ ಒಳಗ ಅದಾನ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಯಲ್ಲಕ್ಕ ಅಜ್ಜಿಯ ಕೈ ನಿಂತಿತು. "ಮತ್ತ ನಾ ಎಲ್ಲದೇನಬೇ?"

"ಕಾಕಾನ ಒಳಗ, ಅಜ್ಜಿ. ಹೆಡಿಂಗ್ ಫೋರ್."

"ಅಯ್ಯ ಶಿವನ! ಅವನ್ನ ಹಡದಾಕಿ ನಾನು. ಈಗ ನಾನ ಅವನ ಹೊಟ್ಟ್ಯಾಗ ಹೋಗಿ ಕುಂತೆನಾ?"

ಕಾಕಾ ಪೈಲ್ವಾನನ ಹೆಸರಿನ ಪಕ್ಕದಲ್ಲಿದ್ದ ಸಣ್ಣ ಬಾಣದ ಗುರುತನ್ನು ಒತ್ತಿದ. ಅಜ್ಜ, ಕಾಕಾ, ಅಜ್ಜಿ ಮೂವರೂ ಮಾಯ. ಪರದೆಯ ಮೇಲೆ ಪೈಲ್ವಾನ ಒಬ್ಬನೇ ಉಳಿದ.

"ನುಂಗಿದ!" ಕಾಕಾ ಚೀರಿದ. ಮತ್ತೆ ಒತ್ತಿದ. ಮೂವರೂ ಹೊರಗೆ ಬಂದರು. "ಉಗುಳಿದ!"

ನುಂಗಿದ, ಉಗುಳಿದ, ನುಂಗಿದ, ಉಗುಳಿದ. ಅಜ್ಜಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನೋಡಿ, ಬಾಯಿಗೆ ಸೆರಗು ಹಿಡಿದು ಕುಲುಕುಲು ನಕ್ಕಳು.

ಅಜ್ಜ ಮಾತ್ರ ನಗಲಿಲ್ಲ. "ಊರ ಮಂದಿ ಮುಂದ ಟಗರಿನ ಹೊಟ್ಟ್ಯಾಗ ಕುಂಡ್ರಾಂವ ಅಲ್ಲ ನಾನು. ಶನಿವಾರ ಬರೂದಿಲ್ಲ" ಎಂದವನೇ ಹೊಸ ಪಟಕಾವನ್ನು ತಿರುಗಿ ಟ್ರಂಕಿನಲ್ಲಿಟ್ಟು, ಬೇಕೆಂದೇ ಸಪ್ಪಳ ಮಾಡಿ ಮುಚ್ಚಿದ.

ಭಾಗ್ಯಾ ಮುಚ್ಚಿದ ಟ್ರಂಕನ್ನೇ ನೋಡಿದಳು. ಅಜ್ಜ ಬರದಿದ್ದರೆ ಯಾರಿಗೆ ತೋರಿಸಲು ಈ ಪುಸ್ತಕ?

ಮರುದಿನ ಶಾಲೆಯ ಕಂಪ್ಯೂಟರಿನಲ್ಲಿ ಅವಳು ಒಂದು ಉಪಾಯ ಮಾಡಿದಳು. ಯಾರಿಗೂ ಬೇಜಾರು ಬೇಡ ಎಂದು ಕಂಡಕಂಡದ್ದಕ್ಕೆಲ್ಲ ಹೆಡಿಂಗ್ ಒನ್ ಕೊಟ್ಟಳು. ಅಜ್ಜನಿಗೆ, ಅಜ್ಜಿಗೆ, ಪೈಲ್ವಾನನಿಗೆ, ಕಾಕಾನಿಗೆ, ಕಾಕಾನ ಬೈಕಿಗೆ, ಬೈಕಿನ ಹಾರ್ನಿಗೂ. ಪುಸ್ತಕ ತೆರೆದು ನೋಡಿದರೆ ಒಂದೊಂದೂ ಹೊಸ ಪುಟದಲ್ಲಿ ಹೊಸ ಅಧ್ಯಾಯವಾಗಿ ಕುಳಿತಿತ್ತು. 'ಹಾರ್ನ್' ಎಂಬ ಅಧ್ಯಾಯದಲ್ಲಿ ಇದ್ದದ್ದು ಒಂದೇ ಸಾಲು: 'ಅದು ಕೆಟ್ಟಿದೆ.'

ಪಕ್ಕದಲ್ಲಿ ಕುಳಿತಿದ್ದ ಅಮೋಲ ಹಲ್ಲು ಕಿರಿದ. "ಹಾರ್ನಿಗೂ ಒಂದು ಅಧ್ಯಾಯನಾ?"

ವಿಜಯಾ ಟೀಚರ್ ಬಗ್ಗಿ ನೋಡಿದರು. ಅವರಿಗೂ ನಗು ತಡೆಯಲಾಗಲಿಲ್ಲ. "ಭಾಗ್ಯಾ, ಹೆಡಿಂಗ್ ಒನ್ ಅಂದ್ರ ದೊಡ್ಡವರು, ಹೆಡಿಂಗ್ ಟೂ ಅಂದ್ರ ಸಣ್ಣವರು ಅಂತ ಅಲ್ಲವಾ. ಯಾವುದರ ಒಳಗ ಯಾವುದು ಬರತೈತಿ ಅಂತ ತೋರಸೂದು ಅಷ್ಟ. ಹಾರ್ನ್ ಬೈಕಿನ್ಯಾಗ ಐತಿ. ನಿಮ್ಮ ಅಜ್ಜ ಯಾವುದರ ಒಳಗ ಅದಾರ?"

ಭಾಗ್ಯಾ ತಲೆ ಕೆರೆದುಕೊಂಡಳು. "ಗೊತ್ತಿಲ್ರಿ ಟೀಚರ್. ಟಗರಿನ ಒಳಗಂತೂ ಇಲ್ರಿ."

ಸಂಜೆ ಕುರಿಗಳು ಹೊಳೆಯ ಕಡೆಯಿಂದ ಮನೆಗೆ ಬಂದವು. ಅಜ್ಜ ಭಾಗ್ಯಾಳನ್ನು ಕಂಡೂ ಕಾಣದವನಂತೆ ಕುರಿಗಳನ್ನು ದೊಡ್ಡಿಗೆ ಹೊಡೆದ. ದೊಡ್ಡಿಯ ಒಂದು ಮೂಲೆಯಲ್ಲಿ ಮರಿಗಳಿಗಾಗಿ ಬೇರೆ ಸಣ್ಣ ದೊಡ್ಡಿಯಿತ್ತು. ಮರಿಗಳನ್ನೆಲ್ಲ ಅದಕ್ಕೆ ತುಂಬಿ, ದೊಡ್ಡ ದೊಡ್ಡಿಯ ಗೇಟನ್ನು ಒಳಗಿನಿಂದಲೇ ಹಾಕಿಕೊಂಡು, ದಿನದಂತೆ ಕಂಬಳಿ ಹಾಸಿ ಅಲ್ಲೇ ಅಡ್ಡಾದ. ಪೈಲ್ವಾನ ಬಂದು ಅವನ ಬೆನ್ನಿಗೆ ಆತು ಕುಳಿತು, ಧೋತರದ ಚುಂಗು ಜಗಿಯತೊಡಗಿತು.

"ಸರಿಯಲೇ ಅತ್ತಾಗ," ಎಂದು ಗದರಿದ ಅಜ್ಜ, ಅದರ ಕೋಡಿನ ಬುಡ ತುರಿಸುತ್ತ ತಾನೇ ಅತ್ತ ಸರಿದ.

ಗೇಟಿನ ಹೊರಗೆ ನಿಂತಿದ್ದ ಭಾಗ್ಯಾ ದೊಡ್ಡಿಯನ್ನು ನೋಡಿದಳು. ಅದರೊಳಗಿನ ಸಣ್ಣ ದೊಡ್ಡಿಯನ್ನು ನೋಡಿದಳು. ಕುರಿಗಳ ನಡುವೆ ಮಲಗಿದ್ದ ಅಜ್ಜನನ್ನೂ ನೋಡಿದಳು. ನಗು ಉಕ್ಕಿ ಬಂತು. ಓಡಿಹೋಗಿ ಕಾಕಾನ ಮೊಬೈಲ್ ಕಸಿದುಕೊಂಡು ಹೆಡಿಂಗುಗಳನ್ನೆಲ್ಲ ಬೇರೆ ರೀತಿ ಜೋಡಿಸಿದಳು.

"ಅಜ್ಜಿ, ಅಜ್ಜನ್ನ ಟಗರಿನ ಹೊಟ್ಟಿಂದ ಹೊರಗ ತಗದೇನಿ ಅಂತ ಹೇಳು," ಎಂದಳು. ಅಜ್ಜಿ ಹೇಳಿದಳಂತೆ. ಅಜ್ಜ ಮಗ್ಗಲು ಬದಲಿಸಿ ಮಲಗಿದನಂತೆ.

ಶನಿವಾರ ಬಂತು. ಭಾಗ್ಯಾಳ ಹೆಸರು ಕರೆದಾಗ ಬೆಂಚಿನಲ್ಲಿ ಅಜ್ಜಿ ಇದ್ದಳು, ಕಾಕಾ ಇದ್ದ. ಅಜ್ಜ ಇರಲಿಲ್ಲ. ಕಾಲೆಳೆಯುತ್ತ ಅವಳು ಟಿವಿಯ ಹತ್ತಿರ ಹೋದಳು. ಅಷ್ಟರಲ್ಲಿ ಬಾಗಿಲಲ್ಲಿ ಕೆಂಪು ಪಟಕಾ ಕಾಣಿಸಿತು. ಅಜ್ಜ ಚಪ್ಪಲಿ ಹೊರಗೆ ಬಿಟ್ಟು, ಬಡಿಗೆಯನ್ನು ಗೋಡೆಗೆ ಆನಿಸಿ, ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿ ಒಳಗೆ ಬಂದ. ಬಂದವನೇ ನೆಟ್ಟಗೆ ಟಿವಿಯ ಮುಂದೆ ನಿಂತ.

"ಎಲ್ಲೈತಿ ನನ್ನ ಹೆಸರು? ಬಟ್ಟ ಇಟ್ಟು ತೋರಸು."

ಮೇಲೆ ದಪ್ಪ ಅಕ್ಷರದಲ್ಲಿ 'ನಮ್ಮ ದೊಡ್ಡಿ' ಎಂದಿತ್ತು. ಅದರ ಒಳಗೆ ಕಾಮಣ್ಣ ಅಜ್ಜ, ಪೈಲ್ವಾನ, ಮರಿಗಳು. ಆಮೇಲೆ 'ನಮ್ಮ ಅಡುಗೆಮನೆ', ಅದರ ಒಳಗೆ ಯಲ್ಲಕ್ಕ ಅಜ್ಜಿ. ಕೊನೆಗೆ 'ದುಂಡೇಶ ಕಾಕಾ', ಅವನ ಒಳಗೆ ಬೈಕ್, ಬೈಕಿನ ಒಳಗೆ ಹಾರ್ನ್.

ಭಾಗ್ಯಾ ಬೆರಳಿಟ್ಟಳು. "ಇದು ನೀ."

"ನನ್ನ ಕೆಳಗ ಯಾರು?"

"ಪೈಲ್ವಾನ."

ಅಜ್ಜ ಮೀಸೆ ಸವರಿದ. "ಒಳಗೋ, ಬಾಜೂಕೋ?"

"ಬಾಜೂಕ, ಅಜ್ಜಾ. ಇಬ್ಬರೂ ದೊಡ್ಡಿ ಒಳಗ ಅದೀರಿ."

"ಹಂ. ಬಾಜೂಕಾದ್ರ ಅಡ್ಡಿಯಿಲ್ಲ." ಅಜ್ಜ ಬಗ್ಗಿ ಮೊಮ್ಮಗಳ ಕಿವಿಯಲ್ಲಿ ಪಿಸುಗುಟ್ಟಿದ. "ಆದ್ರ ಅವನ್ನ ಮ್ಯಾಲ ಹಾಕು. ಭಂಡಾರ ಅವಗ ಮೊದಲ."

ಭಾಗ್ಯಾ ಪೈಲ್ವಾನನನ್ನು ಒಂದು ಸಾಲು ಮೇಲಕ್ಕೆ ತಂದಳು. ಆ ಗಡಿಬಿಡಿಯಲ್ಲಿ ಅವಳ ಬೆರಳು 'ನಮ್ಮ ದೊಡ್ಡಿ'ಯ ಪಕ್ಕದ ಬಾಣಕ್ಕೆ ತಾಗಿತು. ಪೈಲ್ವಾನ, ಅಜ್ಜ, ಮರಿಗಳು ಎಲ್ಲ ಮಾಯ! ಅವಳು ಹೆದರಿ ಅಜ್ಜನ ಮುಖ ನೋಡಿದಳು.

ಅಜ್ಜ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಸಂಜಿ ಆತೇನ್ರಿ ಟೀಚರ? ಎಲ್ಲಾರೂ ಒಳಗ ಬಂದ್ರು ನೋಡ್ರಿ!"

ಭಾಗ್ಯಾ ಇನ್ನೊಮ್ಮೆ ಒತ್ತಿದಳು. ಮೊದಲು ಪೈಲ್ವಾನ ಹೊರಗೆ ಬಂದ, ಅವನ ಹಿಂದೆ ಅಜ್ಜ. ದಿನಾ ಬೆಳಿಗ್ಗೆ ದೊಡ್ಡಿಯಿಂದ ಹೊರಡುವಾಗಲೂ ಅಜ್ಜ ಹಿಂದೆಯೇ ಇರುತ್ತಾನೆ ಎಂಬುದು ಅವಳಿಗೆ ಆಗ ನೆನಪಾಯಿತು.