ಗುಡ್ಡದ ಹಿಂದಿನ ಗುಡ್ಡ

ಬೆಳಿಗ್ಗೆ ಹತ್ತರ ಸುಮಾರಿಗೆ ಠಾಣೆಗೆ ಬಂದ ಹೆಂಗಸು ದೂರು ಕೊಡಬೇಕೆಂದಳು. ಆಕೆಯ ಗಂಡ ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ಕಾಯುವವನು. ಹಿಂದಿನ ದಿನ ಕುಲುಮೆಯ ತಳ ಒಡೆದು, ಕರಗಿದ ಗಾಜು ಸುರಿದು, ಅವನ ಎರಡೂ ಕಾಲು ಸುಟ್ಟಿದ್ದವು. ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ.

"ಉರಿ ಜಾಸ್ತಿ ಕೊಟ್ಟಿದ್ದು ಇವರೇ ಅಂತಿದಾರೆ ಮ್ಯಾನೇಜರ್ರು. ಅಲ್ಲ ಅನ್ನೋಕೆ ಇವರಿಗೀಗ ಬಾಯಿಲ್ಲ. ನೀವೇ ನೋಡಿ ಸಾರ್."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಆದರೂ ಆಕೆಯನ್ನು ಪೂರ್ತಿ ನಂಬಲಿಲ್ಲ. ಗಂಡನದೇ ತಪ್ಪು ಎಂದು ಯಾವ ಹೆಂಡತಿ ಠಾಣೆಗೆ ಬಂದು ಹೇಳಿಯಾಳು?

ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಕುಲುಮೆಯ ಕೆಳಗೆ ಗಾಜು ಹೆಪ್ಪುಗಟ್ಟಿ ನೆಲಕ್ಕೆ ಕಚ್ಚಿಕೊಂಡಿತ್ತು. ಉರಿಯ ಮಾಪಕದ ದಾಖಲೆಯಲ್ಲಿ ಏರುಪೇರಿರಲಿಲ್ಲ. ಹಾಗಾದರೆ ಮ್ಯಾನೇಜರ್ ಅಷ್ಟು ಅವಸರವಾಗಿ ಕುಲುಮೆ ಕಾಯುವವನತ್ತ ಬೆರಳು ತೋರಿಸಿದ್ದೇಕೆ?

"ತಳದ ಇಟ್ಟಿಗೆ ಸವೆದಿದ್ರೆ ಗೊತ್ತಾಗೋದು ಹೇಗೆ?" ಇನ್‌ಸ್ಪೆಕ್ಟರ್ ಕೇಳಿದರು.

"ಸವೆದ ಕಡೆ ಹೊರಗೂ ಬಿಸಿ ಏರುತ್ತೆ," ಎಂದು ಮ್ಯಾನೇಜರ್ ಒಂದು ಮುದ್ರಿತ ಹಾಳೆ ಮುಂದಿಟ್ಟ. "ನಮ್ಮ ಎಂಜಿನಿಯರ್ ವಾರವಾರ ತಳದ ಬಿಸಿ ಅಳೆದು ಎಕ್ಸೆಲ್‌ಗೆ ಹಾಕ್ತಾರೆ. ಅದಕ್ಕೆ ಸೇರಿಸಿರೋ ಇನ್ನೊಂದು ಸಾಫ್ಟ್‌ವೇರ್ ಮೂರು ಆಯಾಮದ ಚಿತ್ರ ಬಿಡಿಸುತ್ತೆ. ಬಿಸಿ ಇದ್ದಲ್ಲಿ ಗುಡ್ಡ, ಇಲ್ಲದಲ್ಲಿ ಬಯಲು. ನಾವು ನೋಡೋದು ಆ ಚಿತ್ರ ಮಾತ್ರ. ಕಳೆದ ವಾರದ್ದು ನೋಡಿ, ಒಂದೇ ಗುಡ್ಡ. ಉರಿ ಬೀಳೋ ಕಡೆ ಅದು ಯಾವಾಗ್ಲೂ ಇರೋದೇ."

"ಹಾಸಿಗೆ ಮೇಲೆ ದಿಂಬು ಇಟ್ಟಂಗಿದೆ," ಎಂದ ಮುಖ್ಯಪೇದೆ.

ಇನ್‌ಸ್ಪೆಕ್ಟರ್ ನಗಲಿಲ್ಲ. ಹಳೆಯ ವಾರಗಳ ಪ್ರತಿ ತರಿಸಿ ಮೇಜಿನ ಮೇಲೆ ಹರಡಿದರು. ಎಲ್ಲದರಲ್ಲೂ ಗುಡ್ಡ ಹಿಂದೆ, ಬಯಲು ಮುಂದೆ. ಕಳೆದ ವಾರದ್ದರಲ್ಲಿ ಮಾತ್ರ ಗುಡ್ಡ ಮುಂದೆ ಬಂದು ನಿಂತಿತ್ತು.

"ಇದನ್ನ ಯಾಕೆ ತಿರುಗಿಸಿದ್ದು?"

"ಗಾಬರಿ ಸಾರನ್ನೇ ಕೇಳ್ಬೇಕು," ಎಂದ ಮ್ಯಾನೇಜರ್ ನಾಲಿಗೆ ಕಚ್ಚಿಕೊಂಡ. "ಅಂದ್ರೆ ಎಂಜಿನಿಯರ್ನ. ಎರಡು ಸಲ ತಳ ಹೋಯ್ತು ಅಂತ ಕೂಗಿ ಕೆಲಸ ನಿಲ್ಲಿಸಿದ್ರು. ನೋಡಿದ್ರೆ ಏನೂ ಆಗಿರಲಿಲ್ಲ, ಅಳೆಯೋ ಯಂತ್ರವೇ ಕೆಟ್ಟಿತ್ತು. ಆಗಿಂದ ಎಲ್ಲರೂ ಹಾಗೇ ಕರೀತಾರೆ."

ಮಾತುಮಾತಿಗೆ ಗಾಬರಿಯಾಗುವ ಮನುಷ್ಯ ಈ ಸಲ ಮಾತ್ರ ತುಟಿ ಬಿಚ್ಚಿರಲಿಲ್ಲ. ಇನ್‌ಸ್ಪೆಕ್ಟರ್‌ಗೆ ಅದೇ ಸರಿಕಾಣಲಿಲ್ಲ.

ಎಂಜಿನಿಯರ್ ತನ್ನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ.

"ಕಳೆದ ವಾರದ ಚಿತ್ರ ತೆಗೀರಿ."

ತೆಗೆದ.

"ತಿರುಗಿಸಿ."

ಮೌಸ್ ಮೇಲಿಟ್ಟ ಕೈ ಅಲುಗಲಿಲ್ಲ. ಮುಖ್ಯಪೇದೆ ಆ ಕೈಯನ್ನು ಮೆಲ್ಲಗೆ ಸರಿಸಿ ಮೌಸ್ ಎಳೆದ. ಮುಂದಿನ ದೊಡ್ಡ ಗುಡ್ಡ ಪಕ್ಕಕ್ಕೆ ಸರಿಯಿತು. ಅದರ ಮರೆಯಿಂದ, ಬಯಲಿರಬೇಕಾದ ಜಾಗದಲ್ಲಿ, ಇನ್ನೊಂದು ಗುಡ್ಡ ಮೇಲೆದ್ದಿತು. ತಳ ಒಡೆದ ಜಾಗ ಅದೇ.

"ಒಂದಂಕಿನೂ ತಿದ್ದಿಲ್ಲ ಸಾರ್," ಎಂದ ಎಂಜಿನಿಯರ್. "ಸುಳ್ಳು ಬರೆಯೋಕೆ ಕೈ ಬರಲಿಲ್ಲ. ಬರೀ ಚಿತ್ರ ತಿರುಗಿಸಿದೆ."

"ಯಾರು ಹೇಳಿದ್ರು?"

"ಯಾರೂ ಇಲ್ಲ. ಈ ಸಲಾನೂ ಯಂತ್ರದ್ದೇ ತಪ್ಪಿದ್ರೆ? ಮೀಟಿಂಗಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕಿದ್ರು ಸಾರ್, ಹೋದ ಸಲ. ಇನ್ನೊಂದು ವಾರ ನೋಡಿ ಹೇಳೋಣ ಅಂದ್ಕೊಂಡೆ."

ಸಂಜೆ ಅವನನ್ನು ಬಂಧಿಸಲಾಯಿತು. ಕಂಪ್ಯೂಟರ್ ಜಪ್ತಿಯಾಯಿತು. ಕುಲುಮೆ ಕಾಯುವವನ ಮೇಲೆ ತಪ್ಪು ಹೊರಿಸಿದ್ದರ ಬಗ್ಗೆ ಮ್ಯಾನೇಜರನ ಹೇಳಿಕೆಯನ್ನೂ ಬರೆಸಿಕೊಂಡರು.

ಆಸ್ಪತ್ರೆಯ ಜಗುಲಿಯಲ್ಲಿ ಇನ್‌ಸ್ಪೆಕ್ಟರ್ ಆ ಹೆಂಗಸಿಗೆ ವಿಷಯ ತಿಳಿಸಿದರು.

"ನಿಮ್ಮ ಯಜಮಾನರದ್ದು ಏನೂ ತಪ್ಪಿಲ್ಲಮ್ಮ."

ಆಕೆ ಕಣ್ಣೊರೆಸಿಕೊಂಡಳು. "ಆ ಎಂಜಿನಿಯರ್ ಸಾರ್‌ಗೆ ಇವರ ಮೇಲೆ ಏನು ದ್ವೇಷ?"

"ದ್ವೇಷ ಇಲ್ಲ. ನಗ್ತಾರೆ ಅಂತ ಹೆದರಿದ."

"ಅಷ್ಟಕ್ಕಾ?"

ಒಳಗಿನಿಂದ ನರ್ಸ್ ಕರೆದಳು. ಆಕೆ ಎದ್ದು ಹೋದಳು.