ದಿಬ್ಬದ ಪಡುವಣ ಇಳಿಜಾರು

ಮಾರ್ಚ್ ನಾಲ್ಕು, ಬೆಳಿಗ್ಗೆ ಒಂಬತ್ತೂ ಹತ್ತು. ಬ್ರಾಕ್‌ಹೋಪ್ ಕೋಟೆ ದಿಬ್ಬವನ್ನು ಯಾರೋ ಅಗೆದಿದ್ದಾರೆಂದು ಅದರ ಉಸ್ತುವಾರಿ ಬೆಡೋಸ್ ಠಾಣೆಗೆ ಬಂದು ದೂರು ಕೊಟ್ಟ. ಒಂಬೈನೂರು ವರ್ಷಗಳ ಹಿಂದೆ ನಾರ್ಮನ್ನರು ಮಣ್ಣು ಗುಡ್ಡೆ ಹಾಕಿ ಕಟ್ಟಿದ ಕೋಟೆ. ಈಗ ಅಲ್ಲಿ ಕುರಿಗಳದೇ ದರ್ಬಾರು. ಆದರೂ ಸಂರಕ್ಷಿತ ಸ್ಮಾರಕ. ಲಿಖಿತ ಅನುಮತಿಯಿಲ್ಲದೆ ಗುದ್ದಲಿ ತಾಗಿಸಿದರೂ ಅಪರಾಧ.

"ನಾಣ್ಯ ಹುಡುಕೋ ಕಳ್ಳರೇ ಮೇಡಂ. ಹಿಡಿದು ಒಳಗೆ ಹಾಕಿ."

ಇನ್ಸ್‌ಪೆಕ್ಟರ್ ಹಿಲರಿ ಪ್ರಾಸರ್ ಎಫ್‌ಐಆರ್ ದಾಖಲಿಸಿ, ಹನ್ನೊಂದಕ್ಕೆ ಕಾನ್‌ಸ್ಟೇಬಲ್ ಟಜ್‌ನನ್ನು ಕರೆದುಕೊಂಡು ಹೋಗಿ ಸ್ಥಳ ಮಹಜರು ಮಾಡಿದಳು. ನಲವತ್ತು ಗುಂಡಿ, ಎಲ್ಲವೂ ಪಡುವಣ ಇಳಿಜಾರಿನಲ್ಲೇ. ಹುಲ್ಲಿನ ಹೆಂಟೆಗಳನ್ನು ಮತ್ತೆ ಮುಚ್ಚಿ ಮೆತ್ತಗೆ ಅದುಮಿದ್ದರು. ಒಂದೊಂದರಿಂದಲೂ ಹಸಿರೆಲೆ ಇಣುಕುತ್ತಿತ್ತು.

"ಗುಡ್ಡ ಅಗೆದು ಇಲಿ ಹಿಡಿದಂಗಾಯ್ತಲ್ಲ ಮೇಡಂ. ಬರೀ ಸೊಪ್ಪು!" ಎಂದ ಟಜ್.

"ಸೊಪ್ಪಲ್ಲ ಕಣೋ, ಸ್ನೋಡ್ರಾಪ್. ಫೆಬ್ರವರೀಲಿ ಬಿಡೋ ಬಿಳಿ ಹೂ. ಹೂ ಮುಗಿದ ಮೇಲೆ, ಎಲೆ ಹಸಿರಾಗಿರೋವಾಗ್ಲೇ ಗೆಡ್ಡೆ ಸಮೇತ ಕಿತ್ತು ಬೇರೆ ಕಡೆ ನೆಡ್ತಾರೆ. ನಮ್ಮಮ್ಮನೂ ಹಾಗೇ ಮಾಡ್ತಿದ್ಳು. ಇವ್ನು ಏನೂ ಕದ್ದಿಲ್ಲ, ತಂದು ಇಟ್ಟಿದಾನೆ."

ಯಾರಿಗೆ ಕಾಣಲೆಂದು? ಹಿಲರಿ ತಿರುಗಿ ನೋಡಿದಳು. ಆ ಇಳಿಜಾರಿಗೆ ಎದುರಾಗಿದ್ದುದು ಒಂದೇ ಕಟ್ಟಡ, ವೃದ್ಧರ ಆರೈಕೆ ಕೇಂದ್ರ. ಅಲ್ಲಿ ವಿಚಾರಿಸಿದಾಗ, ಹೆಂಡತಿಯನ್ನು ಅಲ್ಲಿ ಸೇರಿಸಿ ಈಚೆಗಷ್ಟೇ ಮನೆ ಮಾರಿದ ವಿಲ್ಫ್ ಪ್ರೀಸ್ ಎಂಬಾತನ ಹೆಸರು ಸಿಕ್ಕಿತು. ಆ ಮನೆಯ ಹಿತ್ತಲಲ್ಲೂ ಹೊಸ ಗುಂಡಿಗಳಿದ್ದವು.

ಮಧ್ಯಾಹ್ನ ಮೂರಕ್ಕೆ ಪ್ರೀಸ್ ಸಿಕ್ಕಿದ್ದು ಹೆಂಡತಿ ಈನಿಡ್‌ಳ ಹಾಸಿಗೆಯ ಪಕ್ಕದಲ್ಲೇ. ಉಗುರಲ್ಲಿ ಇನ್ನೂ ಮಣ್ಣಿತ್ತು.

"ದಿಬ್ಬ ಅಗೆದಿದ್ದು ನೀವಾ?"

"ಹೌದಮ್ಮ."

"ಅಗೀಬಾರ್ದು ಅಂತ ಬೋರ್ಡ್ ಇತ್ತಲ್ಲ?"

"ಅಲ್ಲಿ ಕೆಲ್ಸಕ್ಕಿದ್ದಾಗ ಆ ಬೋರ್ಡ್ ನೆಟ್ಟವ್ನೇ ನಾನು."

"ಮತ್ಯಾಕೆ?"

"ಮನೆ ಕೊಂಡೋರು ಹಿತ್ತಲಿಗೆಲ್ಲ ಕಲ್ಲು ಹಾಸ್ತಾರಂತೆ. ಅಲ್ಲಿದ್ದಿದ್ದು ನಾವು ಮದುವೆಯಾದ ವರ್ಷ ಇವ್ಳು ನೆಟ್ಟ ಹೂ. ನನ್ನ ಹೆಸ್ರು ಮರ್ತಿದಾಳೆ, ಆದ್ರೆ ದಿನಾ ಕೇಳ್ತಾಳೆ, 'ಹೂ ಬಂತಾ?' ಅಂತ. ಈ ಕಿಟಕಿಗೆ ಕಾಣೋದು ಆ ದಿಬ್ಬ ಒಂದೇ. ಬರೋ ಫೆಬ್ರವರಿವರೆಗೂ ಇವ್ಳು ಇದ್ರೆ ಸಾಕು. ನನ್ನನ್ನ ಎಲ್ಲಿಗಾದ್ರೂ ಕರ್ಕೊಂಡ್ ಹೋಗಿ ತಾಯಿ, ಅವನ್ನ ಮಾತ್ರ ಕೀಳಬೇಡಿ."

ಹಿಲರಿ ಅವನನ್ನು ಮೂರೂ ಇಪ್ಪತ್ತಕ್ಕೆ ಬಂಧಿಸಿದಳು, ಬೇಡಿ ಹಾಕಲಿಲ್ಲ.

ಠಾಣೆಯಲ್ಲಿ ಬೆಡೋಸ್ ಕಾದಿದ್ದ. "ನಾಳೆನೇ ಆ ಗೆಡ್ಡೆಗಳನ್ನೆಲ್ಲ ಕೀಳಿಸ್ತೀನಿ."

"ಲಿಖಿತ ಅನುಮತಿ ಇದೆಯಾ?"

"ನಂಗ್ಯಾಕೆ ಅನುಮತಿ?"

"ಕೀಳೋಕೂ ಅಗೀಬೇಕಲ್ಲ. ಅರ್ಜಿ ಹಾಕಿ. ವರ್ಷ ಹಿಡಿಯುತ್ತೆ ಅಂತ ಹೋದ್ಸಲ ನೀವೇ ಗೊಣಗ್ತಿದ್ರಿ."

ಬೆಡೋಸ್ ಗೊಣಗುತ್ತಲೇ ಹೊರಟುಹೋದ.

ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಎಂಬ ಜಾಗ ಖಾಲಿಯಿತ್ತು. ಹಿಲರಿ ಬರೆದಳು: 'ಹೂ ಬಂತಾ ಎಂದು ಹೆಂಡತಿ ಕೇಳುತ್ತಿದ್ದಳು.'