ದೂರು ಪೆಟ್ಟಿಗೆಯ ಹಿತ್ತಾಳೆ ಬೀಗ

ದೂರು ಪೆಟ್ಟಿಗೆ ಖಾಲಿ!

ನಾನು ಕೈ ಹಾಕಿ ಮೂಲೆಮೂಲೆ ತಡಕಿದೆ. ಒಂದು ಚೀಟಿಯೂ ಇಲ್ಲ. ಹಿಂದೆ ನಿಂತಿದ್ದ ಹದಿನಾಲ್ಕರ ಯಶ್ಮಿತಾ ಬಿಳಿಚಿಕೊಂಡಳು.

"ನಿನ್ನೆ ಸಂಜೆ ನಾನೇ ಪತ್ರ ಹಾಕಿದ್ದೇನೆ ಸರ್. ನಾಲ್ಕು ಪುಟ ಉಂಟು."

ಕಾರ್ಕಳದ ಈ ಬಾಲಕಿಯರ ಆಶ್ರಯಧಾಮವನ್ನು ನಡೆಸುವುದು ಒಂದು ಧರ್ಮಾರ್ಥ ಟ್ರಸ್ಟ್. ಅದರ ನೋಂದಣಿ ಈಗ ಇನ್ನೈದು ವರ್ಷದ ಅವಧಿಗೆ ನವೀಕರಣವಾಗಬೇಕು. ಅದಕ್ಕೇ ಉಡುಪಿಯಿಂದ ನಮ್ಮ ಸವಾರಿ. ತಪಾಸಣಾ ಸಮಿತಿಯ ಕುಶಲಾ ಮೇಡಂ, ಅವರ ಫೈಲು ಹೊರುವ ಗುಮಾಸ್ತ ವಿಕಾಸ್, ಅಂದರೆ ನಾನು. ಮಕ್ಕಳ ದೂರು ಪೆಟ್ಟಿಗೆಯನ್ನು ಸಮಿತಿಯಲ್ಲದೆ ಬೇರೆ ಯಾರೂ ತೆರೆಯುವಂತಿಲ್ಲ. ಅದರ ಕೀಲಿ ಮೂರು ತಿಂಗಳಿಂದ ನಮ್ಮ ಕಚೇರಿಯಲ್ಲಿ, ಅರಗಿನ ಮೊಹರು ಹಾಕಿದ ಲಕೋಟೆಯಲ್ಲಿತ್ತು. ಎಲ್ಲರೆದುರು ಲಕೋಟೆ ಹರಿದು ಬೀಗ ತೆಗೆದವನು ನಾನೇ. ಕೀಲಿಯಿಂದ ಬೆರಳಿಗೆ ಕೆಂಪಗೆ ಏನೋ ಹತ್ತಿತು. ತುಕ್ಕು ಎಂದು ಪ್ಯಾಂಟಿಗೆ ಒರೆಸಿಕೊಂಡಿದ್ದೆ.

"ಎಂತ ಬರೆದಿದ್ದೆ ಮಗಾ?" ಮೇಡಂ ಕೇಳಿದರು.

"ಭಾನುವಾರ ನಮ್ಮನ್ನು ನಿಟ್ಟೆಯ ಒಂದು ಕಲ್ಯಾಣಮಂಟಪಕ್ಕೆ ಕರ್ಕೊಂಡು ಹೋಗ್ತಾರೆ, ಪಾತ್ರೆ ತೊಳೆಯಲಿಕ್ಕೆ. ಯಾವ ದಿನ, ಯಾರೆಲ್ಲ ಅಂತ ಬರೆದಿದ್ದೆ."

"ಯಾರು ಕರ್ಕೊಂಡು ಹೋಗುದು?"

"ವ್ಯಾನ್ ಬರ್ತದೆ. ಜೆಸ್ಸಿ ಬಾಯಿ ಹತ್ತಿಸ್ತಾರೆ."

ವಾರ್ಡನ್ ಜೆಸ್ಸಿ ಮುಂದೆ ಬಂದರು. "ಸೇವೆ ಅಂತ ಟ್ರಸ್ಟ್ ಆಫೀಸಿಂದ ಹೇಳಿದ್ರು, ಹತ್ತಿಸಿದೆ. ಪೆಟ್ಟಿಗೆ ಮಾತ್ರ ನಾನು ಮುಟ್ಟಲಿಲ್ಲ."

"ರಾತ್ರಿ ಇಲ್ಲಿ ಇರುವುದು ನೀವೊಬ್ಬರೇ ಅಲ್ವಾ?" ಎಂದರು ಟ್ರಸ್ಟಿನ ಕಾರ್ಯದರ್ಶಿ ಯಶ್ವಂತ್. ಆಮೇಲೆ ಮೇಡಂ ಕಡೆ ತಿರುಗಿ ಒಂದು ಹಾಳೆ ನೀಡಿದರು. "ಅಥವಾ ಪತ್ರವೇ ಇರಲಿಲ್ಲ. ಇವಳಿಗೆ ಸುಳ್ಳು ಹೇಳುವ ಅಭ್ಯಾಸ. ಇವಳನ್ನು ಬೇರೆ ಜಿಲ್ಲೆಗೆ ಕಳುಹಿಸಿ ಅಂತ ನಮ್ಮ ಅರ್ಜಿ ಉಂಟು, ನೋಡಿ."

"ತಂಗಿ?" ಯಶ್ಮಿತಾ ಕೇಳಿದಳು.

"ಅವಳು ಇಲ್ಲೇ ಇರ್ತಾಳೆ."

ಏಳು ವರ್ಷದ ತಂಗಿ ಅಕ್ಕನ ಲಂಗ ಹಿಡಿದುಕೊಂಡಿದ್ದಳು. ನನಗೆ ಮೈ ಉರಿಯಿತು. ಆದರೆ ಪುರಾವೆ?

ಮೇಡಂ ಮಾತ್ರ ನನ್ನ ಪ್ಯಾಂಟಿನ ಕೆಂಪು ಕಲೆಯನ್ನೇ ನೋಡುತ್ತಿದ್ದರು!

"ಈ ಬೀಗಕ್ಕೆ ಎರಡು ಕೀ ಇತ್ತಲ್ವಾ, ಯಶ್ವಂತರೇ?"

"ಒಂದು ಕಳೆದುಹೋಗಿದೆ. ಆಗಲೇ ಬರೆದು ಕೊಟ್ಟಿದ್ದೇನೆ."

ನಿಜ, ಅವರ ಸಹಿಯ ಪತ್ರ ನನ್ನ ಫೈಲಿನಲ್ಲೇ ಇತ್ತು.

"ಜೆಸ್ಸಿ ಬಾಯಿ, ನಿಮ್ಮ ಕೀ ಗೊಂಚಲು ಕೊಡಿ."

ಜೆಸ್ಸಿ ಸೊಂಟದಿಂದ ಬಿಚ್ಚಿಕೊಟ್ಟರು. ಮೇಡಂ ಒಂದೊಂದೇ ಕೀಲಿಯನ್ನು ಬಿಳಿ ಕರವಸ್ತ್ರಕ್ಕೆ ತಿಕ್ಕಿದರು. ಕಲೆಯಿಲ್ಲ.

"ಮೊನ್ನೆ ಆಯುಧ ಪೂಜೆ. ನಿಮ್ಮಲ್ಲಿ ಹೇಗಾಯಿತು?"

"ನಮ್ಮ ಆಫೀಸಲ್ಲಿ ಜೋರು!" ಯಶ್ವಂತ್ ಮುಖ ಅರಳಿತು. "ವ್ಯಾನು, ಕಂಪ್ಯೂಟರು, ಕೀ ಗೊಂಚಲು, ಒಂದನ್ನೂ ಬಿಡಲಿಲ್ಲ. ಕುಂಕುಮ ಹಾಕಿದ್ದು ನಾನೇ."

"ಆ ಗೊಂಚಲು ಇಲ್ಲಿಡಿ."

"ಅದು... ಯಾಕೆ?"

"ಇಡಿ."

ಗೊಂಚಲು ಮೇಜಿಗೆ ಬಿತ್ತು. ಹನ್ನೊಂದು ಕೀಲಿ, ಎಲ್ಲದರ ಹಲ್ಲಿನಲ್ಲೂ ಕೆಂಪು. ಮೇಡಂ ಒಂದೊಂದಾಗಿ ಬೀಗಕ್ಕೆ ಹಾಕಿ ನೋಡಿದರು. ಆರು ಕೀಲಿ ತಿರುಗಲಿಲ್ಲ. ಏಳನೆಯದು—ಕಟಕ್!

ಯಶ್ವಂತ್ ಕುರ್ಚಿ ಹುಡುಕಿ ಕುಳಿತರು.

"ವಿಕಾಸ್, ನಿನ್ನ ಬೆರಳಿಗೆ ಹತ್ತಿದ್ದು ತುಕ್ಕಾ?" ಮೇಡಂ ಕೇಳಿದರು. "ಹಿತ್ತಾಳೆ ಬೀಗ, ಹಿತ್ತಾಳೆ ಕೀ. ಹಿತ್ತಾಳೆಗೆ ಹಸಿರು ಕಿಲುಬು ಹಿಡೀತದೆ ಮಾರಾಯ, ತುಕ್ಕು ಎಲ್ಲಿಂದ? ಮೊಹರಿನೊಳಗಿದ್ದ ನಮ್ಮ ಕೀಗೆ ಕುಂಕುಮ ಎಲ್ಲಿಂದ? ಬೀಗದ ಒಳಗಿಂದ. ಪೂಜೆ ಆದ ಮೇಲೆ ಬೇರೊಂದು ಕೀ ಈ ಬೀಗದೊಳಗೆ ಹೋಗಿ ಬಂದಿದೆ. ಜೆಸ್ಸಿ ಬಾಯಿಯ ಕೀಗಳಿಗೆ ಪೂಜೆಯೇ ಆಗಲಿಲ್ಲ. ಯಶ್ವಂತರು ಕಳೆದುಹೋಗಿದೆ ಅಂತ ಬರೆದುಕೊಟ್ಟ ಕೀಗೂ ಭಕ್ತಿಯಿಂದ ಕುಂಕುಮ ಹಾಕಿದರು. ಆ ಮಂಟಪ ಯಾರದ್ದು, ಯಶ್ವಂತರೇ?"

"ನನ್ನ ಭಾವನದ್ದು," ಎಂದರು ಅವರು, ತಲೆ ಎತ್ತದೆ.

"ಪತ್ರ?"

"ಸುಟ್ಟುಹಾಕಿದೆ."

ನಾಲ್ಕು ಪುಟ, ಅಷ್ಟೂ ದಿನಾಂಕ, ಹೆಸರು ಬೂದಿ!

"ನನಗೆ ಎಲ್ಲ ನೆನಪುಂಟು, ಮೇಡಂ," ಎಂದಳು ಯಶ್ಮಿತಾ.

ಅವಳನ್ನು ಹೊರಗಟ್ಟಲು ಯಶ್ವಂತ್ ಬರೆದಿದ್ದ ಅರ್ಜಿಯನ್ನು ಮೇಡಂ ಮಗುಚಿ, ಖಾಲಿ ಬೆನ್ನು ಮೇಲೆ ಮಾಡಿ ಅವಳ ಮುಂದಿಟ್ಟರು.

"ಇದರಲ್ಲೇ ಬರಿ. ಪೆಟ್ಟಿಗೆಗೆ ಬೇಡ, ನನ್ನ ಕೈಗೆ ಕೊಡು."

ಯಶ್ಮಿತಾ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಭಾನುವಾರದಿಂದ ಬರೆಯತೊಡಗಿದಳು.